ಹಬ್ಬ ಅನ್ನಬೇಡಿ, ಸುಮ್ನೆ ಬನ್ನಿ: ಸೇಂಟ್ ಜಾರ್ಜ್ ದಿನದ ವಾರದಲ್ಲಿ ಇಂಗ್ಲೆಂಡ್

ಶುಕ್ರವಾರ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ತಂಗಿ, ಅವಳ ಗಂಡ, ಮಗ ಇರುವುದು ಅಲ್ಲೇ. ಪ್ರವಾಸಿಗರು ಹುಡುಕಿಕೊಂಡು ಬರುವ ಊರಲ್ಲ ಇದು. ಒಂದು ಕಾಲಕ್ಕೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್‌ಗಳು ತಯಾರಾಗುತ್ತಿದ್ದ ಊರು. 1843ರಲ್ಲಿ ಶುರುವಾದ ಆ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕಿತು. ಈಗ ಊರು ಹೆಸರುವಾಸಿಯಾಗಿರುವುದು ಒಂದು ಸರ್ಕಲ್‌ನಿಂದ. ಸುತ್ತ ಐದು ಪುಟ್ಟ ಸರ್ಕಲ್‌ಗಳು, ನಡುವೆ ಉಲ್ಟಾ ಸುತ್ತುವ ಆರನೆಯದು. ತಂಗಿಯ ಗಂಡ ಅದರೊಳಗೆ ಕಾರು ನುಗ್ಗಿಸಿದಾಗ ನಾನು ಕಣ್ಣು ಮುಚ್ಚಿಕೊಂಡೆ.

ಸಾಮಾನ್ಯ ಇಂಗ್ಲಿಷ್ ಜನ ತಮ್ಮ ನಾಡಿನ ಸಂತನ ದಿನವನ್ನು ಹೇಗೆ ಆಚರಿಸುತ್ತಾರೆ ಅಂತ ನೋಡುವುದಕ್ಕೆ ಇಂಥ ಊರೇ ಸರಿ ಅನ್ನಿಸಿತ್ತು. ಏಪ್ರಿಲ್ 23 ಸೇಂಟ್ ಜಾರ್ಜ್ ದಿನ. 2024ರಲ್ಲಿ ಅದು ಮಂಗಳವಾರ ಬಂದಿತ್ತು.

"ಏನೂ ಮಾಡಲ್ಲ ಅಕ್ಕ," ಅಂದಳು ತಂಗಿ. "ಮಾರ್ಚ್‌ನಲ್ಲಿ ಸೇಂಟ್ ಪ್ಯಾಟ್ರಿಕ್ ದಿನ ಬಂದರೆ ಐರಿಷ್‌ನವರಿಗಿಂತ ಜಾಸ್ತಿ ಇವರೇ ಹಸಿರು ಟೋಪಿ ಹಾಕ್ಕೊಂಡು ಕುಡೀತಾರೆ. ತಮ್ಮ ಸಂತನ ದಿನ ಯಾವತ್ತು ಅಂತ ಕೇಳು, ಫೋನ್ ತೆಗೀತಾರೆ."

ರಜೆಯೂ ಇಲ್ಲ. ಉತ್ತರ ಐರ್ಲೆಂಡಿನಲ್ಲಿ ಪ್ಯಾಟ್ರಿಕ್ ದಿನಕ್ಕೆ ರಜೆ, ಸ್ಕಾಟ್ಲೆಂಡಿನಲ್ಲಿ 2007ರಿಂದ ಆಂಡ್ರ್ಯೂ ದಿನಕ್ಕೆ ರಜೆ. ಇಂಗ್ಲೆಂಡಿಗೂ ವೇಲ್ಸ್‌ಗೂ ಇಲ್ಲ. ನಾಲ್ಕೂ ನಾಡುಗಳ ಸಂತರ ದಿನಕ್ಕೆ ರಜೆ ಕೊಡುತ್ತೇವೆ ಅಂತ 2017ರ ಚುನಾವಣೆಯಲ್ಲಿ ಲೇಬರ್ ಪಕ್ಷದ ಜೆರೆಮಿ ಕಾರ್ಬಿನ್ ಹೇಳಿದ್ದರು. ಪಕ್ಷ ಗೆಲ್ಲಲಿಲ್ಲ, ರಜೆಯೂ ಸಿಗಲಿಲ್ಲ.

ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿ ಮೇಲಿಂದ ಮಾತಾಡಿಸಿದರು. ಇಂಗ್ಲಿಷರು ಎರಡು ಮಾತಾಡಿದರೆ ಒಂದು ಹವಾಮಾನದ್ದು, ಒಂದು ಕ್ಷಮೆ ಕೇಳೋದು. ಅಜ್ಜಿ ಚಳಿಗೂ ಕ್ಷಮೆ ಕೇಳಿದರು. ಸೇಂಟ್ ಜಾರ್ಜ್ ದಿನಕ್ಕೆ ಏನು ಮಾಡುತ್ತೀರಿ ಅಂದೆ. "ಅಯ್ಯೋ, ನಾವೇನೂ ಮಾಡಲ್ಲ," ಅಂದರು. ಆಮೇಲೆ ಗುಲಾಬಿ ಗಿಡದ ಒಣಗಿದ ಕಡ್ಡಿ ಕತ್ತರಿಸುತ್ತಲೇ ಒಂದೊಂದಾಗಿ ಹೇಳಿದರು. ಭಾನುವಾರ ಮೊಮ್ಮಗಳು ಸ್ಕೌಟ್ಸ್ ಮೆರವಣಿಗೆಯಲ್ಲಿ ನಡೀತಾಳೆ. ಮಂಗಳವಾರ ಪಬ್‌ನಲ್ಲಿ ಮಾರಿಸ್ ಕುಣಿತ ಇದೆ, ಗಂಡ ಹೋಗ್ತಾನೆ. ಆ ವಾರ ಈವ್‌ಶಮ್‌ನ ಆಸ್ಪರಾಗಸ್ ತರಕಾರಿ ಬರುತ್ತೆ, ಅದನ್ನಂತೂ ತಂದೇ ತರಬೇಕು. "ಅಷ್ಟೇ. ವಿಶೇಷ ಏನಿಲ್ಲ."

ನನ್ನ ವಾರದ ಪಟ್ಟಿ ಅಲ್ಲೇ ಬೇಲಿ ಹತ್ತಿರ ಸಿದ್ಧವಾಯಿತು.

ಶನಿವಾರ

ಸ್ಟ್ರಾಟ್‌ಫರ್ಡ್ ಅಪಾನ್ ಏವನ್‌ಗೆ ಹೋದೆವು. ಷೇಕ್ಸ್‌ಪಿಯರ್‌ನ ಊರು. ಅವನು ತೀರಿಕೊಂಡದ್ದು 1616ರ ಏಪ್ರಿಲ್ 23. ಹುಟ್ಟಿದ ತಾರೀಖಿಗೆ ದಾಖಲೆ ಇಲ್ಲ. 1564ರ ಏಪ್ರಿಲ್ 26ಕ್ಕೆ ದೀಕ್ಷಾಸ್ನಾನ ಆಯಿತು ಅಂತ ಚರ್ಚಿನ ಪುಸ್ತಕದಲ್ಲಿದೆ, ಅಷ್ಟೇ. ಮೂರು ದಿನ ಹಿಂದಕ್ಕೆ ಸರಿಸಿದರೆ ಸಂತನ ದಿನಕ್ಕೇ ಸರಿಯಾಗಿ ಬರುತ್ತೆ. ನಾಡಕವಿ ನಾಡಸಂತನ ದಿನವೇ ಹುಟ್ಟಿದ ಅಂತ ಹೇಳಿಕೊಳ್ಳೋದು ಯಾರಿಗೆ ಬೇಡ?

ವಾರಾಂತ್ಯದಲ್ಲಿ ಹುಟ್ಟುಹಬ್ಬದ ಮೆರವಣಿಗೆ ಇಡುತ್ತಾರೆ. ಬ್ಯಾಂಡ್, ಹೂಗುಚ್ಛ ಹಿಡಿದ ಶಾಲಾಮಕ್ಕಳು, ಕೋಟಿಗೆ ರೋಸ್‌ಮರಿ ಕಡ್ಡಿ ಸಿಕ್ಕಿಸಿಕೊಂಡ ಗಣ್ಯರು. ಎಲ್ಲರೂ ಹೋಲಿ ಟ್ರಿನಿಟಿ ಚರ್ಚಿಗೆ ಹೋಗಿ ಸಮಾಧಿಗೆ ಹೂವಿಡುತ್ತಾರೆ. ಚೆನ್ನಾಗಿತ್ತು. ಆದರೆ ಜಾರ್ಜ್‌ನ ಹೆಸರನ್ನು ನಾನು ಅಲ್ಲಿ ಕೇಳಲಿಲ್ಲ. ಜನದಲ್ಲೂ ಅರ್ಧ ನಮ್ಮ ಹಾಗೇ ಹೊರಗಿನವರು. ಪಾರ್ಕಿಂಗ್‌ಗೆ ಕೊಟ್ಟ ದುಡ್ಡು ನೆನೆದು ತಂಗಿಯ ಗಂಡ ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ.

ಭಾನುವಾರ

ತಂಗಿಯ ಮಗ ಪುಟ್ಟನಿಗೆ ಒಂಬತ್ತು ವರ್ಷ. ಕಬ್ ಸ್ಕೌಟ್. ಬೆಳಿಗ್ಗೆ ಏಳಕ್ಕೇ ಎದ್ದು ಹಸಿರು ಸ್ವೆಟ್‌ಶರ್ಟ್ ಹಾಕಿಕೊಂಡು ಕತ್ತಿನ ಸ್ಕಾರ್ಫ್ ಹುಡುಕುತ್ತಿದ್ದ. ಅದು ವಾಷಿಂಗ್ ಮೆಷೀನಿನಲ್ಲಿ ಒದ್ದೆಯಾಗಿ ಕೂತಿತ್ತು. ತಂಗಿ ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿದಳು. ಮನೆ ತುಂಬ ಹಬೆ.

ಸ್ಕೌಟ್ಸ್ ಕಟ್ಟಿದ ಬೇಡನ್ ಪವೆಲ್ ತನ್ನ ಹುಡುಗರಿಗೆ ಜಾರ್ಜ್‌ನನ್ನೇ ಸಂತನಾಗಿ ಆರಿಸಿದ. ಅದಕ್ಕೇ ಏಪ್ರಿಲ್ 23ಕ್ಕೆ ಹತ್ತಿರದ ಭಾನುವಾರ ಇಂಗ್ಲೆಂಡಿನ ಊರೂರಲ್ಲಿ ಸ್ಕೌಟ್ಸ್ ಮೆರವಣಿಗೆ. ಅದೇ ದಿನ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಮೇಯರ್ ನಡೆಸುವ ದೊಡ್ಡ ಜಾತ್ರೆಯೂ ಇತ್ತು. ಅಲ್ಲಿಗೆ ಹೋಗೋಣವೇ ಅಂತ ತಂಗಿಯ ಗಂಡ ಕೇಳಿದ. ಪುಟ್ಟ ನನ್ನ ಮುಖ ನೋಡಿದ. ಲಂಡನ್ ಅಲ್ಲಿಗೇ ಬಿಟ್ಟೆವು.

ಹತ್ತು ಡಿಗ್ರಿ ಚಳಿ, ಗಾಳಿ ಬೇರೆ. ರಸ್ತೆಯ ಒಂದು ಬದಿ ಕೋನ್ ಇಟ್ಟು ಮುಚ್ಚಿದ್ದರು. ಮುಂದೆ ನಗಾರಿ, ಹಿಂದೆ ಬಾವುಟಗಳು. ಬಾವುಟ ಹಿಡಿದ ದೊಡ್ಡ ಮಕ್ಕಳು ಬಿಳಿ ಕೈಗವಸು ಹಾಕಿ, ಹೆಗಲಿಂದ ಇಳಿಬಿಟ್ಟ ಚರ್ಮದ ಪಟ್ಟಿಯ ಗೂಡಿನಲ್ಲಿ ಕೋಲು ನಿಲ್ಲಿಸಿಕೊಂಡಿದ್ದರು. ಗಾಳಿ ಬಂದಾಗಲೆಲ್ಲ ಬಾವುಟ ಮುಖಕ್ಕೇ ಸುತ್ತಿಕೊಳ್ಳುತ್ತಿತ್ತು. ಆದರೂ ಒಬ್ಬರೂ ನಿಲ್ಲಲಿಲ್ಲ, ಕಣ್ಣು ಕಾಣದೆಯೇ ನಡೆದರು. ಆಮೇಲೆ ಆಕಾಶನೀಲಿ ಸ್ವೆಟ್‌ಶರ್ಟಿನ ಬೀವರ್‌ಗಳು, ಆರೇಳು ವರ್ಷದ ಮಕ್ಕಳು. ಅವರಿಗೆ ಎಡ ಬಲ ಅನ್ನೋದೆಲ್ಲ ಲೆಕ್ಕಕ್ಕಿಲ್ಲ. ಒಬ್ಬಳು ಅಮ್ಮನನ್ನು ಕಂಡು ಸಾಲು ಬಿಟ್ಟು ಓಡಿಹೋಗಿ, ಮೂಗು ಒರೆಸಿಸಿಕೊಂಡು, ಮತ್ತೆ ಸಾಲು ಸೇರಿದಳು.

ಫುಟ್‌ಪಾತಿನಲ್ಲಿ ನಿಂತವರು ಅಪ್ಪ ಅಮ್ಮ, ಅಜ್ಜ ಅಜ್ಜಿ, ನಾಯಿಗಳು. ಕೈಯಲ್ಲಿ ಬಾವುಟ ಹಿಡಿದವರು ಕಡಿಮೆ. ಫೋನ್ ಹಿಡಿದವರೇ ಎಲ್ಲ.

ಚರ್ಚಿನ ಗೋಪುರದ ಮೇಲೆ ಮಾತ್ರ ದೊಡ್ಡ ಬಾವುಟ ಹಾರುತ್ತಿತ್ತು. ಬಿಳಿ ಬಟ್ಟೆ, ಕೆಂಪು ಶಿಲುಬೆಯ ಜಾರ್ಜ್ ಬಾವುಟ, ಅಂದರೆ ಇಂಗ್ಲೆಂಡಿನ ಬಾವುಟ. ಮೇಲಿನ ಮೂಲೆಯಲ್ಲಿ ಆ ಭಾಗದ ಬಿಷಪ್ ವಲಯದ ಲಾಂಛನ. ಇಂಗ್ಲೆಂಡಿನ ಚರ್ಚುಗಳು ಇದನ್ನು ಹಾರಿಸಬಹುದು ಅಂತ 1938ರಲ್ಲಿ ನಿಯಮ ಆಯಿತು. ಅದೇ ಬಾವುಟ ಮನೆ ಕಿಟಕಿಯಲ್ಲಿ ಕಂಡರೆ ಜನ ಬೇರೆ ಥರ ನೋಡುತ್ತಾರೆ. ಆ ವಿಷಯಕ್ಕೆ ಮಂಗಳವಾರ ಬರುತ್ತೇನೆ.

ಒಳಗೆ ಪಾದ್ರಿ ಮಕ್ಕಳನ್ನು ಕೇಳಿದರು, "ಜಾರ್ಜ್ ಯಾವ ಊರಿನವನು?"

"ಇಂಗ್ಲೆಂಡ್!" ಚರ್ಚು ಹಾರಿಹೋಗುವ ಹಾಗೆ ಕೂಗಿದರು.

ಅಲ್ಲ. ಅವನು ಈಗಿನ ಟರ್ಕಿಯಲ್ಲಿರುವ ಕಪಡೋಸಿಯದವನು ಅನ್ನೋದು ಪರಂಪರೆಯ ಮಾತು. ರೋಮನ್ ಸೈನಿಕ. ಕ್ರೈಸ್ತ ನಂಬಿಕೆ ಬಿಡಲಿಲ್ಲ ಅಂತ ಡಯೊಕ್ಲಿಷಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು 303ರಲ್ಲಿ, ಪ್ಯಾಲೆಸ್ತೀನಿನ ಲಿಡ್ಡಾದಲ್ಲಿ ಅವನನ್ನು ಕೊಂದರಂತೆ. ಇಂಗ್ಲೆಂಡಿಗೆ ಅವನು ಕಾಲಿಟ್ಟವನೇ ಅಲ್ಲ. ಜಾರ್ಜಿಯಾ, ಇಥಿಯೋಪಿಯಾ, ಪೋರ್ಚುಗಲ್, ಕೆಟಲೋನಿಯಾ ಎಲ್ಲಕ್ಕೂ ಅವನೇ ಸಂತ. ಕೇರಳದ ಎಡಪ್ಪಳ್ಳಿ, ಪುದುಪ್ಪಳ್ಳಿಯಲ್ಲಿ ಅವನ ಹೆಸರಲ್ಲಿ ದೊಡ್ಡ ಜಾತ್ರೆಗಳೇ ನಡೆಯುತ್ತವೆ.

ಆಮೇಲೆ ಮಕ್ಕಳೆಲ್ಲ ಎದ್ದು ನಿಂತು ಬಲಗೈಯ ಮೂರು ಬೆರಳೆತ್ತಿ ತಮ್ಮ ಪ್ರತಿಜ್ಞೆಯನ್ನು ಮತ್ತೊಮ್ಮೆ ಹೇಳಿದರು. ದೇವರಿಗೂ ರಾಜನಿಗೂ ನನ್ನ ಕರ್ತವ್ಯ ಮಾಡುತ್ತೇನೆ, ಬೇರೆಯವರಿಗೆ ನೆರವಾಗುತ್ತೇನೆ ಅಂತ. ನಮ್ಮ ಪುಟ್ಟ "ದೇವರಿಗೂ" ಅನ್ನುವ ಕಡೆ "ನನ್ನ ಧರ್ಮಕ್ಕೂ" ಅಂದ. ಧರ್ಮ ಅನ್ನೋ ಪದವನ್ನೇ ಇಂಗ್ಲಿಷ್ ಉಚ್ಚಾರದಲ್ಲಿ. ಹಿಂದೂ ಮಕ್ಕಳಿಗೆ ಹಾಗೆ ಹೇಳಲು ಸ್ಕೌಟ್ಸ್‌ನವರೇ ಅವಕಾಶ ಕೊಟ್ಟಿದ್ದಾರೆ. ಮುಸ್ಲಿಂ ಮಕ್ಕಳು ಅಲ್ಲಾಹ್ ಅನ್ನಬಹುದು. ದೇವರೇ ಬೇಡ ಅನ್ನುವವರಿಗೆ 2014ರಿಂದ ಬೇರೆ ಸಾಲು ಇದೆ. ಒಂದೇ ಚರ್ಚಿನಲ್ಲಿ, ಒಂದೇ ಉಸಿರಿನಲ್ಲಿ, ಒಂದು ಪದದ ಜಾಗದಲ್ಲಿ ಮೂರು ನಾಲ್ಕು ಪದಗಳು ಒಟ್ಟಿಗೆ ಕೇಳಿಸಿ ಗೊಜಗೊಜ ಆಯಿತು. ಆಮೇಲೆ "ರಾಜನಿಗೂ" ಅನ್ನುವಲ್ಲಿ ಎಲ್ಲ ದನಿಗಳೂ ಮತ್ತೆ ಕೂಡಿದವು. ಪಾದ್ರಿಗೆ ಇದೆಲ್ಲ ಮಾಮೂಲು. ನನಗೇ ಮೈ ಜುಂ ಅಂದಿತು.

ಹೊರಗೆ ಜ್ಯೂಸು, ಬಿಸ್ಕತ್ತು. ಒಬ್ಬ ಅಪ್ಪನಿಗೆ "ಸೇಂಟ್ ಜಾರ್ಜ್ ದಿನದ ಶುಭಾಶಯ" ಅಂದೆ. ಅವರು ತಬ್ಬಿಬ್ಬಾಗಿ, "ಓ, ಹೌದಲ್ವಾ, ನಿಮಗೂ," ಅಂದರು. ಆ ವಾರ ನನಗೆ ಯಾರೂ ತಾವಾಗಿ ಶುಭಾಶಯ ಹೇಳಲಿಲ್ಲ.

ಸೋಮವಾರ

ಪುಟ್ಟ ಶಾಲೆಗೆ ಹೋದ. ತಂಗಿ ಒಂದು ದಿನ ರಜೆ ಹಾಕಿದ್ದಳು. ಅಕ್ಕ ತಂಗಿ ಇಬ್ಬರೇ ಡ್ರ್ಯಾಗನ್ ಹಿಲ್‌ಗೆ ಹೊರಟೆವು. ಸ್ವಿಂಡನ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆಕ್ಸ್‌ಫರ್ಡ್‌ಷೈರ್‌ನ ಅಫಿಂಗ್ಟನ್ ಹತ್ತಿರ.

ಇಂಗ್ಲೆಂಡಿಗೆ ಬರದ ಜಾರ್ಜ್ ಡ್ರ್ಯಾಗನ್ ಕೊಂದದ್ದು ಮಾತ್ರ ಇಲ್ಲೇ ಅಂತ ಊರವರ ಕಥೆ. ಬೋಳು ಗುಡ್ಡಗಳ ಸಾಲಿನ ಕೆಳಗೆ ಪುಟ್ಟದೊಂದು ಗುಡ್ಡ. ನೆತ್ತಿ ಚಪ್ಪಟೆ. ಯಾರೋ ಕತ್ತರಿಸಿ ಸಮ ಮಾಡಿದ ಹಾಗಿದೆ, ಮಾಡಿದ್ದೂ ಮನುಷ್ಯರೇ ಅನ್ನುತ್ತಾರೆ. ನೆತ್ತಿಯಲ್ಲಿ ಒಂದು ಕಡೆ ಹುಲ್ಲಿಲ್ಲ, ಸುಣ್ಣದ ಬಿಳಿ ಕಲ್ಲು ಬಯಲಾಗಿದೆ. ಡ್ರ್ಯಾಗನ್‌ನ ರಕ್ತ ಬಿದ್ದ ಜಾಗ ಅದು, ಅಲ್ಲಿ ಹುಲ್ಲೇ ಹುಟ್ಟಲ್ಲ ಅಂತ ನಂಬಿಕೆ. ನಾವು ಹತ್ತಿದಾಗ ಅಲ್ಲಿ ಒಂದು ಕುಟುಂಬ ಆ ಜಾಗದ ಮೇಲೇ ಬಟ್ಟೆ ಹಾಸಿ ಸ್ಯಾಂಡ್‌ವಿಚ್ ತಿನ್ನುತ್ತಿತ್ತು. ಹುಲ್ಲು ಯಾಕೆ ಬೆಳೆಯಲ್ಲ ಅನ್ನೋದಕ್ಕೆ ಇನ್ನೊಂದು ಕಾರಣವೂ ಕಣ್ಣೆದುರೇ ಇತ್ತು.

ಎದುರಿನ ದೊಡ್ಡ ಗುಡ್ಡದ ಮೇಲೆ ಅಫಿಂಗ್ಟನ್‌ನ ಬಿಳಿ ಕುದುರೆ. ನೆಲ ಅಗೆದು ಬಿಳಿ ಸುಣ್ಣಕಲ್ಲು ತುಂಬಿ ಬರೆದ ಚಿತ್ರ. ಸುಮಾರು 110 ಮೀಟರ್ ಉದ್ದ, ಸುಮಾರು 3000 ವರ್ಷ ಹಳೆಯದು. ಅಂದರೆ ಜಾರ್ಜ್ ಹುಟ್ಟುವುದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲು. ಕೆಲವರು ಅದು ಕುದುರೆಯೇ ಅಲ್ಲ, ಜಾರ್ಜ್ ಕೊಂದ ಡ್ರ್ಯಾಗನ್ನೇ ಅನ್ನುತ್ತಾರೆ. ಹತ್ತಿರ ಹೋದರೆ ಏನೂ ತಿಳಿಯಲ್ಲ. ಬಿಳಿ ಕಾಲುದಾರಿಗಳು ಸುಮ್ಮನೆ ಬಾಗಿಕೊಂಡು ಹೋದ ಹಾಗೆ ಕಾಣುತ್ತೆ. ಬಗ್ಗಿ ಮುಟ್ಟಿದೆ. ಬೆರಳಿಗೆ ಸುಣ್ಣ ಹತ್ತಿತು. ಜನ ಪ್ರತಿ ವರ್ಷ ಬಂದು, ಮಂಡಿಯೂರಿ ಕೂತು, ಸುತ್ತಿಗೆಯಿಂದ ಹೊಸ ಸುಣ್ಣಕಲ್ಲು ಬಡಿದು ಕೂರಿಸುತ್ತಾರೆ. ಕೆಲವೇ ವರ್ಷ ಬಿಟ್ಟರೂ ಹುಲ್ಲು ಅದನ್ನು ನುಂಗಿಬಿಡುತ್ತೆ. ಅಂದರೆ ಈ ಕೆಲಸ ತಲೆತಲಾಂತರದಿಂದ ನಿಂತೇ ಇಲ್ಲ. ಇಂಗ್ಲಿಷರು ಯಾವುದನ್ನು ಸದ್ದಿಲ್ಲದೆ ಬಿಡದೆ ಮಾಡುತ್ತಾರೆ ಅಂತ ಕೇಳಿದರೆ ನಾನು ಈ ಕುದುರೆಯನ್ನು ತೋರಿಸುತ್ತೇನೆ.

ಗಾಳಿ ತಡೆಯಲಾರದೆ ಕಾರಿನಲ್ಲಿ ಕೂತು ಚಪಾತಿ ಸುರುಳಿ ತಿಂದೆವು. ತಂಗಿಗೆ ಡ್ರ್ಯಾಗನ್ ಕಥೆ ಪೂರ್ತಿ ಗೊತ್ತಿರಲಿಲ್ಲ, ಹೇಳಿದೆ. ಲಿಬಿಯಾದ ಸಿಲೀನ್ ಅನ್ನೋ ಊರು. ಕೆರೆಯಲ್ಲಿ ಡ್ರ್ಯಾಗನ್. ಊರವರು ದಿನಾ ಅದಕ್ಕೆ ಕುರಿ ಕೊಡುತ್ತಾರೆ. ಕುರಿ ಮುಗಿದ ಮೇಲೆ ಚೀಟಿ ಎತ್ತಿ ಮಕ್ಕಳನ್ನು ಕಳಿಸುತ್ತಾರೆ. ಕೊನೆಗೆ ಚೀಟಿ ರಾಜನ ಮಗಳಿಗೇ ಬರುತ್ತೆ. ಆಗ ಜಾರ್ಜ್ ಆ ದಾರಿಯಲ್ಲಿ ಬಂದು…

"ಏ, ಇದು ಬಕಾಸುರನ ಕಥೆ ಅಲ್ವಾ!" ಅಂದಳು ತಂಗಿ. "ಏಕಚಕ್ರಪುರ, ದಿನಕ್ಕೊಂದು ಮನೆ ಸರದಿ, ಬಂಡಿ ಅನ್ನ."

"ಭೀಮ ಆದರೆ ಮೊದಲು ಅನ್ನ ತಿಂದ."

"ಜಾರ್ಜ್ ಏನು ಮಾಡಿದ?"

ಜಾರ್ಜ್ ಈಟಿಯಿಂದ ಅದನ್ನು ತಿವಿದ. ರಾಜಕುಮಾರಿಯ ಸೊಂಟಪಟ್ಟಿಯನ್ನು ಅದರ ಕತ್ತಿಗೆ ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಬರುವ ಹಾಗೆ ಊರೊಳಕ್ಕೆ ಎಳೆದುಕೊಂಡು ಬಂದ. ನೀವೆಲ್ಲ ಕ್ರೈಸ್ತರಾಗಿ, ಕೊಲ್ಲುತ್ತೇನೆ ಅಂದ. ಊರು ಒಪ್ಪಿದ ಮೇಲೆ ಕೊಂದ.

"ಭೀಮ ಷರತ್ತು ಹಾಕಲಿಲ್ಲ ಬಿಡು," ಅಂದಳು ತಂಗಿ.

ಮಂಗಳವಾರ, ಏಪ್ರಿಲ್ 23

ಬೆಳಿಗ್ಗೆ ಬೇಕೆಂದೇ ಪೇಟೆ ಸುತ್ತಿದೆ. ಎಲ್ಲರೂ ಕೆಲಸಕ್ಕೆ ಹೊರಟಿದ್ದರು. ಬಸ್ಸು, ಬ್ಯಾಂಕು, ಪೋಸ್ಟ್ ಆಫೀಸು ಎಲ್ಲ ಮಾಮೂಲು. ಮಾಂಸದಂಗಡಿಯವನು ಕಿಟಕಿಯಲ್ಲಿ ಸಾಸೇಜು ಜೋಡಿಸಿ ನಡುವೆ ಟೂತ್‌ಪಿಕ್ ಬಾವುಟ ಚುಚ್ಚಿದ್ದ. ಸೂಪರ್‌ಮಾರ್ಕೆಟ್ಟಿನಲ್ಲಿ ಈಸ್ಟರ್‌ನಲ್ಲಿ ಉಳಿದ ಚಾಕೊಲೇಟ್ ಮೊಟ್ಟೆಗಳ ಪಕ್ಕ ಒಂದು ಮೊಳದಷ್ಟು ಕಪಾಟು: ಪ್ಲಾಸ್ಟಿಕ್ ಬಾವುಟ, ಕಾಗದದ ತೋರಣ. ಕ್ಯಾಷ್ ಕೌಂಟರಿನ ಹುಡುಗಿ ಬಿಲ್ ಮಾಡುತ್ತ, "ಜೂನ್‌ನಲ್ಲಿ ಯೂರೋ ಫುಟ್‌ಬಾಲ್ ಇದೆಯಲ್ಲ, ಆಗ ಹೋಗುತ್ತೆ ಇದೆಲ್ಲ," ಅಂದಳು.

ಬಾವುಟದ ವಿಷಯ ಆ ವರ್ಷ ಬಿಸಿಯಾಗೇ ಇತ್ತು. ಮಾರ್ಚ್‌ನಲ್ಲಿ ನೈಕಿ ಕಂಪನಿ ಇಂಗ್ಲೆಂಡ್ ತಂಡದ ಹೊಸ ಜೆರ್ಸಿ ಬಿಟ್ಟಿತ್ತು. ಕಾಲರಿನ ಹಿಂದೆ ಜಾರ್ಜ್ ಶಿಲುಬೆ, ಆದರೆ ಕೆಂಪಿನ ಜೊತೆ ನೇರಳೆ, ನೀಲಿ. ಪ್ರಧಾನಿ ರಿಷಿ ಸುನಕ್ ಬಾವುಟದ ತಂಟೆಗೆ ಹೋಗಬೇಡಿ ಅಂದರು, ವಿರೋಧ ಪಕ್ಷದ ಕೀರ್ ಸ್ಟಾರ್ಮರ್ ಬದಲಾಯಿಸಿ ಅಂದರು. ವರ್ಷವಿಡೀ ಬಾವುಟ ಹಾರಿಸದ ಜನ ಅದರ ಬಣ್ಣಕ್ಕೆ ಇಷ್ಟು ಜಗಳ ಆಡಿದ್ದು ನನಗೆ ತಮಾಷೆ ಅನ್ನಿಸಲಿಲ್ಲ. ಹಾರಿಸದಿದ್ದರೂ ತಮ್ಮದು ಅನ್ನೋದು ಒಳಗೆ ಇದೆ ಅಂತ ಆಯಿತಲ್ಲ.

ಪುಟ್ಟ ಶಾಲೆಯಿಂದ ಬಣ್ಣ ಬಳಿದ ಡ್ರ್ಯಾಗನ್ ತಂದ. ಜಾರ್ಜ್ ಎಲ್ಲೋ ಅಂದರೆ, "ಟೈಮ್ ಆಗೋಯ್ತು ದೊಡ್ಡಮ್ಮ," ಅಂದ.

ಸಂಜೆ ಆರೂವರೆಗೆ ಊರ ಹೊರಗಿನ ಹಳ್ಳಿಯ ಪಬ್‌ಗೆ ಹೋದೆವು. ಈ ಹೊತ್ತಲ್ಲಿ ಅಲ್ಲಿ ರಾತ್ರಿ ಎಂಟರವರೆಗೂ ಬೆಳಕು. ಬಾಗಿಲ ಮೇಲೆ ಕೆಂಪು ಬಿಳಿ ತೋರಣ. ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಅಂದಿನ ವಿಶೇಷ: ರೋಸ್ಟ್ ಬೀಫ್, ಯಾರ್ಕ್‌ಷೈರ್ ಪುಡಿಂಗ್, ಸಾಸೇಜ್ ಮತ್ತು ಹಿಸುಕಿದ ಆಲೂಗಡ್ಡೆ. ನನಗೆ ಚೀಸ್ ಈರುಳ್ಳಿ ಪೈ ಸಿಕ್ಕಿತು. ತಂಗಿಯ ಗಂಡ ಸ್ವಿಂಡನ್‌ನದೇ ಆರ್ಕೆಲ್ಸ್ ಬಿಯರ್ ತಂದ. ಇದೂ 1843ರಲ್ಲೇ ಶುರುವಾದದ್ದು. ರೈಲಿನ ಕಾರ್ಖಾನೆ ಹೋಯಿತು, ಬಿಯರ್ ಕಾರ್ಖಾನೆ ಉಳಿಯಿತು.

ಹೊರಗೆ ಕಲ್ಲು ಹಾಸಿನ ಮೇಲೆ ಮಾರಿಸ್ ಕುಣಿತದವರು ಬಂದರು. ಆರು ಜನ, ಬಿಳಿ ಬಟ್ಟೆ, ಹೂ ಸಿಕ್ಕಿಸಿದ ಹ್ಯಾಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿದ ಚರ್ಮದ ಪಟ್ಟಿ. ಮುಂದಾಳಿಗೆ ಸ್ಕ್ವಯರ್ ಅಂತಾರೆ. ಲೆಕ್ಕಪತ್ರ, ಓಡಾಟ ನೋಡಿಕೊಳ್ಳುವವರಿಗೆ ಬ್ಯಾಗ್‌ಮನ್. ಈ ತಂಡದಲ್ಲಿ ಬ್ಯಾಗ್‌ಮನ್ ಆಗಿದ್ದದ್ದು ಒಬ್ಬ ಹೆಂಗಸು. ಕೆಲಸದಲ್ಲಿ ದಂತವೈದ್ಯೆ. ಕುಣಿಯುವವರಲ್ಲಿ ಒಬ್ಬ ಪ್ಲಂಬರ್, ಇಬ್ಬರು ನಿವೃತ್ತ ಮೇಷ್ಟ್ರು. ಅಕಾರ್ಡಿಯನ್ ಥರದ ಮೆಲೋಡಿಯನ್ ವಾದ್ಯ ಊದಿಕೊಂಡಿತು, ಎಲ್ಲರೂ ಒಟ್ಟಿಗೆ ಜಿಗಿದರು. ಮೊದಲು ಕೈಯಲ್ಲಿ ಕರವಸ್ತ್ರ, ಆಮೇಲೆ ಕೋಲು. ಕೋಲಿಗೆ ಕೋಲು ಬಡಿದಾಗ ಚೂರು ಹಾರಿ ನಮ್ಮ ಮೇಜಿನ ಮೇಲೆ ಬಿತ್ತು. ಅರವತ್ತು ದಾಟಿದ ಗಂಡಸರು ಅಷ್ಟು ಎತ್ತರ ಹಾರೋದನ್ನು ನಾನು ನೋಡಿರಲಿಲ್ಲ. ಒಂದು ಹಾಡು ಮುಗಿದರೆ ಬಿಯರ್, ಮತ್ತೆ ಕುಣಿತ.

ನಡುವೆ ಒಂದು ಪುಟ್ಟ ನಾಟಕ. ಮಮ್ಮರ್ಸ್ ನಾಟಕ ಅಂತಾರೆ. ಹಳ್ಳಿಗರು ಮನೆಮನೆಗೆ, ಪಬ್‌ಪಬ್‌ಗೆ ಹೋಗಿ ಆಡುತ್ತಿದ್ದ ಆಟ. ಬೆಡ್‌ಷೀಟಿಗೆ ಕೆಂಪು ಟೇಪು ಅಂಟಿಸಿಕೊಂಡು ಜಾರ್ಜ್ ಬಂದ, ಎದೆ ತಟ್ಟಿಕೊಂಡು ಪ್ರಾಸದಲ್ಲಿ ಕೊಚ್ಚಿಕೊಂಡ. ಎದುರಾಳಿ ಟರ್ಕಿಯ ವೀರ. ಮರದ ಕತ್ತಿಯಲ್ಲಿ ಹೊಡೆದಾಟ, ಒಬ್ಬ ಸತ್ತ. ಆಗ ಚೀಲ ಹಿಡಿದು ಡಾಕ್ಟರ್ ಬಂದ. ತಾನು ಯಾವ್ಯಾವ ರೋಗ ವಾಸಿ ಮಾಡಿದ್ದೇನೆ ಅಂತ ಉದ್ದುದ್ದ ಪಟ್ಟಿ ಹೇಳಿ, ಬಾಟಲಿಯಿಂದ ಎರಡು ತೊಟ್ಟು ಬಿಟ್ಟ. ಸತ್ತವನು ಎದ್ದು ಕೂತು ಬಿಯರ್ ಕೇಳಿದ. ಹಿಂದಿನ ಮೇಜಿನಿಂದ ಒಬ್ಬ ಕೂಗಿದ, "ಏಯ್, ಜಾರ್ಜೇ ಟರ್ಕಿಯವನಲ್ವೇನಪ್ಪಾ!" ಜಾರ್ಜ್ ಪಾತ್ರದವನು ಕತ್ತಿ ಇಳಿಸಿ, "ಗೊತ್ತು ಕಣೋ, ಅದು ಊರವರ ಜಗಳ," ಅಂದ. ಇಡೀ ಸಂಜೆಗೆ ಅದೇ ದೊಡ್ಡ ನಗು.

ನಮ್ಮ ಮೇಜಿಗೆ ಬಂದು ಕೂತ ಅಜ್ಜ, ನಮ್ಮ ಬೇಲಿಯ ಅಜ್ಜಿಯ ಗಂಡ. ಕೋಟಿನ ತೂತಿನಲ್ಲಿ ಇಂಗ್ಲೆಂಡಿನ ಗುರುತಾದ ಕೆಂಪು ಗುಲಾಬಿ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬಾವುಟದ ಬಗ್ಗೆ ಕೇಳಿದೆ.

"1966ರಲ್ಲಿ ವರ್ಲ್ಡ್ ಕಪ್ ಗೆದ್ದಾಗ ವೆಂಬ್ಲಿಯಲ್ಲಿ ನಾವು ಬೀಸಿದ್ದು ಯೂನಿಯನ್ ಜಾಕ್, ಬ್ರಿಟನ್ನಿನ ಬಾವುಟ," ಅಂದರು. "ಇಂಗ್ಲೆಂಡ್, ಬ್ರಿಟನ್ ಎರಡೂ ಒಂದೇ ಅನ್ನೋ ಹಾಗಿತ್ತು ನಮಗೆ. ಈ ಶಿಲುಬೆ ಬಾವುಟ ಎಲ್ಲ ಕಡೆ ಬಂದದ್ದು 1996ರ ಯೂರೋದಲ್ಲಿ. ಆಮೇಲೆ ಇನ್ಯಾರೋ ಹಿಡ್ಕೊಂಡರು."

ಇನ್ಯಾರೋ ಅಂದರೆ ಬಲಪಂಥದ ಬೀದಿ ಗುಂಪುಗಳು. ವಲಸಿಗರ ವಿರುದ್ಧ ಕೂಗುತ್ತ ಇದೇ ಬಾವುಟ ಹೊದ್ದುಕೊಂಡು ನಡೆದರು. ಅಲ್ಲಿಂದ ಫುಟ್‌ಬಾಲ್ ಇಲ್ಲದ ಕಾಲದಲ್ಲಿ ಕಿಟಕಿಗೆ ಕಟ್ಟಿದರೆ ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅನ್ನೋ ಅಂಜಿಕೆ. ಅಂದೇ ಲಂಡನ್ನಿನ ವೈಟ್‌ಹಾಲ್‌ನಲ್ಲಿ ಸೇಂಟ್ ಜಾರ್ಜ್ ದಿನಕ್ಕೆ ಸೇರಿದ್ದ ಗುಂಪು ಪೊಲೀಸರ ಜೊತೆ ತಳ್ಳಾಡಿ ಕೆಲವರ ಬಂಧನ ಆಗಿತ್ತು. ಅಜ್ಜನ ಪಕ್ಕದವರು ಫೋನಿನಲ್ಲಿ ಆ ಸುದ್ದಿ ತೋರಿಸಿದರು. ಅಜ್ಜ ನೋಡಿ ಫೋನ್ ಮಗುಚಿಟ್ಟರು. "ನೋಡಿ, ಇದಕ್ಕೇ ನಾವು ಏನೂ ಮಾಡಲ್ಲ ಅನ್ನೋದು."

ಆದರೆ ಗುಲಾಬಿ ಸಿಕ್ಕಿಸಿಕೊಂಡೇ ಬಂದಿದ್ದರು.

ನಿಮ್ಮಲ್ಲಿ ಹೇಗೆ ಅಂತ ಕೇಳಿದರು. ನವೆಂಬರ್ 1ರ ರಾಜ್ಯೋತ್ಸವ ಹೇಳಿದೆ. ಆಟೋಗೆಲ್ಲ ಕೆಂಪು ಹಳದಿ ಬಾವುಟ, ಭುವನೇಶ್ವರಿಯ ಪಟ, ಆರ್ಕೆಸ್ಟ್ರಾ, ತಿಂಗಳಿಡೀ ಎಲ್ಲಾದರೊಂದು ಕಡೆ ಕಾರ್ಯಕ್ರಮ. "ತಿಂಗಳಿಡೀನಾ?" ಅಂದರು ಅಜ್ಜ. ಮುಖದಲ್ಲಿ ಅಸೂಯೆಯೋ ಗಾಬರಿಯೋ, ಹೇಳಲಾರೆ.

ಇಂಗ್ಲೆಂಡಿನಲ್ಲೂ ಹೀಗೆ ಇಲ್ಲದೆ ಇರಲಿಲ್ಲ. ಮೂರನೆಯ ಎಡ್ವರ್ಡ್ ದೊರೆ 1348ರ ಹೊತ್ತಿಗೆ ಜಾರ್ಜ್ ಹೆಸರಿನಲ್ಲಿ ಗಾರ್ಟರ್ ಅನ್ನೋ ವೀರರ ಪದವಿ ಕಟ್ಟಿದ. ಅಲ್ಲಿಯವರೆಗೆ ಎಡ್ಮಂಡ್, ಎಡ್ವರ್ಡ್ ಅಂತ ಇಂಗ್ಲೆಂಡಿನದೇ ಸಂತರಿದ್ದರು. ದೊರೆಗೆ ಯುದ್ಧಕ್ಕೆ ಬೇಕಾದದ್ದು ಕುದುರೆ ಏರಿದ ಸಂತ. 1415ರಲ್ಲಿ ಅಜಿನ್‌ಕೋರ್ಟ್ ಯುದ್ಧ ಗೆದ್ದ ಮೇಲೆ ಜಾರ್ಜ್ ದಿನವನ್ನು ದೊಡ್ಡ ಹಬ್ಬಗಳ ಸಾಲಿಗೆ ಸೇರಿಸಿದರು. 1707ರಲ್ಲಿ ಸ್ಕಾಟ್ಲೆಂಡ್ ಜೊತೆಗೂಡಿ ಬ್ರಿಟನ್ ಆದ ಮೇಲೆ ಮೆಲ್ಲಗೆ ಕರಗಿತು. ಜಗತ್ತೆಲ್ಲ ಆಳುವಾಗ ಬ್ರಿಟನ್ ಅನ್ನೋ ದೊಡ್ಡ ಹೆಸರು ಸಾಕಾಗಿತ್ತು, ಸ್ವಂತ ನಾಡಿನ ಹಬ್ಬ ಯಾಕೆ ಬೇಕು? ಸ್ಕಾಟ್‌ಗಳು, ಐರಿಷರು ತಮ್ಮ ಸಂತರನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಇಂಗ್ಲಿಷರ ಎದುರು ತಾವು ಬೇರೆ ಅಂತ ತೋರಿಸಲಿಕ್ಕೆ. ಇಂಗ್ಲಿಷರಿಗೆ ತೋರಿಸಬೇಕಾದವರು ಯಾರೂ ಇರಲಿಲ್ಲ. ಇದು ನನ್ನ ಲೆಕ್ಕಾಚಾರ. ಅಜ್ಜನಿಗೆ ಹೇಳಿದೆ. "ಇರಬಹುದು," ಅಂದರು. ಇಂಗ್ಲಿಷರು ಒಪ್ಪದಿದ್ದರೂ ಹಾಗೇ ಅನ್ನೋದು.

ಬುಧವಾರ

ಅಜ್ಜಿಯ ಆಸ್ಪರಾಗಸ್ ಬಾಕಿ ಇತ್ತು. ತಂಗಿಯ ಗಂಡನಿಗೆ ಆ ಕಡೆ ಕೆಲಸ ಇದ್ದದ್ದರಿಂದ ನಾನೂ ಕಾರು ಹತ್ತಿದೆ. ವುಸ್ಟರ್‌ಷೈರ್‌ನ ಈವ್‌ಶಮ್ ಕಣಿವೆಗೆ ಒಂದೂಕಾಲು ಗಂಟೆ. ದಾರಿಯುದ್ದಕ್ಕೂ ಸೇಬು, ಪ್ಲಮ್ ತೋಟಗಳು ಹೂ ಬಿಟ್ಟಿದ್ದವು.

ಇಲ್ಲಿನ ಆಸ್ಪರಾಗಸ್ ಹಂಗಾಮು ಏಪ್ರಿಲ್ 23ಕ್ಕೆ ಶುರು, ಜೂನ್ 21ಕ್ಕೆ ಮುಗಿತು ಅಂತ ಲೆಕ್ಕ. ಎರಡೇ ತಿಂಗಳು. ಊರವರು ಇದನ್ನು ಗ್ರಾಸ್ ಅಂತಾರೆ. ನಮ್ಮ ಶತಾವರಿಯ ಬಳಗದ್ದೇ ಗಿಡ, ಆದರೆ ಇಲ್ಲಿ ತಿನ್ನೋದು ಬೇರಲ್ಲ, ನೆಲದಿಂದ ಬೆರಳಿನ ಹಾಗೆ ಎದ್ದು ಬರುವ ಚಿಗುರು. ಯಂತ್ರ ಇಲ್ಲ. ಬಗ್ಗಿ ಒಂದೊಂದನ್ನೇ ಮಣ್ಣಿನ ಮಟ್ಟಕ್ಕೆ ಚಾಕುವಿನಿಂದ ಕತ್ತರಿಸಬೇಕು. ಬಿಸಿಲು ಚೆನ್ನಾಗಿದ್ದರೆ ಬೆಳಿಗ್ಗೆ ಕತ್ತರಿಸಿದ ಸಾಲಿನಲ್ಲಿ ಮರುದಿನಕ್ಕೆ ಮತ್ತೆ ಗೇಣು ಎದ್ದಿರುತ್ತೆ. ಈ ವರ್ಷ ಚಳಿ, ಗಿಡಗಳು ನಿಧಾನ ಅಂತ ಒಬ್ಬ ರೈತ ಗೊಣಗಿದ. ಹೊಲದಲ್ಲಿ ಬಗ್ಗಿದ್ದವರೆಲ್ಲ ತಮ್ಮೊಳಗೆ ಮಾತಾಡುತ್ತಿದ್ದದ್ದು ಇಂಗ್ಲಿಷ್ ಅಲ್ಲ. ಪೂರ್ವ ಯುರೋಪಿನಿಂದ ಹಂಗಾಮಿಗೆ ಬಂದವರು. ಸಂತನ ಹಾಗೇ ಹಬ್ಬದ ಊಟವೂ ಹೊರಗಿನವರ ಕೈಯಿಂದಲೇ ಬರಬೇಕು.

ಬ್ರೆಟ್‌ಫರ್ಟನ್ ಹಳ್ಳಿಯಲ್ಲಿ ಫ್ಲೀಸ್ ಇನ್ ಅಂತ ಪಬ್ ಇದೆ. ಐನೂರು ವರ್ಷಕ್ಕೂ ಹಳೆಯ ತೋಟದ ಮನೆ, ಮರದ ತೊಲೆಗಳು. ಒಂದೇ ಮನೆತನದಲ್ಲಿ ಇದ್ದದ್ದನ್ನು 1977ರಲ್ಲಿ ಕೊನೆಯ ಒಡತಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಇಲ್ಲಿ ಆಲೂ ಚಿಪ್ಸ್ ಮಾತ್ರ ಮಾರಬಾರದು ಅಂತ ಷರತ್ತು ಹಾಕಿದ್ದರಂತೆ. ಒಲೆಯ ಮುಂದಿನ ಕಲ್ಲಿನ ಮೇಲೆ ಸುಣ್ಣದಲ್ಲಿ ಬಿಳಿ ವೃತ್ತಗಳು. ಹೊಗೆಗೂಡಿನಿಂದ ಮಾಟಗಾತಿಯರು ಇಳಿಯದಿರಲಿ ಅಂತ. ಬೆಣ್ಣೆ ಹಾಕಿ ಬೇಯಿಸಿದ ಎಂಟು ಚಿಗುರು ತಟ್ಟೆಯಲ್ಲಿ ಬಂತು, ಉಪ್ಪು ಬಿಟ್ಟರೆ ಬೇರೇನಿಲ್ಲ. ಕೈಯಲ್ಲೇ ತಿನ್ನಬೇಕಂತೆ. ಸೂಪರ್‌ಮಾರ್ಕೆಟ್ಟಿನಲ್ಲಿ ವಿಮಾನ ಹತ್ತಿ ಬರುವ ಆಸ್ಪರಾಗಸ್‌ಗೆ ಈ ಸಿಹಿ ಇರೋಲ್ಲ. ಪಕ್ಕದ ಮೇಜಿನವರು ತುದಿಯಿಂದ ತಿನ್ನಬೇಕೋ ಬುಡದಿಂದಲೋ ಅಂತ ಗಂಭೀರವಾಗಿ ವಾದ ಮಾಡುತ್ತಿದ್ದರು. ಈ ವಾರ ಕಂಡ ಭಕ್ತಿಯೆಲ್ಲದರಲ್ಲಿ ಅದೇ ಹೆಚ್ಚು ನಿಜ ಅನ್ನಿಸಿತು.

ರಸ್ತೆ ಬದಿಯ ಮರದ ಕಪಾಟಿನಲ್ಲಿ ಕಟ್ಟುಗಳಿದ್ದವು, ಮಾರುವವರಿಲ್ಲ. ಡಬ್ಬಿಗೆ ದುಡ್ಡು ಹಾಕಿ ಎರಡು ಕಟ್ಟು ತಗೊಂಡೆ. ಒಂದು ಅಜ್ಜಿಗೆ. ಇನ್ನೊಂದನ್ನು ತಂಗಿ ಸಾಸಿವೆ ಒಣಮೆಣಸು ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿದಳು. ಬೆಣ್ಣೆಯದೇ ವಾಸಿ ಅಂತ ನನ್ನ ಅಭಿಪ್ರಾಯ, ಅಡುಗೆಮನೆಯಲ್ಲಿ ಹೇಳಲಿಲ್ಲ.

ಹೋಗಬೇಕು ಅನ್ನಿಸಿದವರಿಗೆ ಒಂದೆರಡು ಮಾತು. 23ನೇ ತಾರೀಖಿಗೇ ಹೋದರೆ ಬರೀ ಪಬ್ ಸಿಗುತ್ತೆ. ಅದಕ್ಕೆ ಹತ್ತಿರದ ಶನಿವಾರ, ಭಾನುವಾರ ಸೇರಿಸಿಕೊಳ್ಳಿ. ಈಸ್ಟರ್ ಯಾವಾಗ ಅಂತಲೂ ನೋಡಿಕೊಳ್ಳಿ. ಈಸ್ಟರ್‌ನ ವಾರದಲ್ಲೋ ಅದರ ಹಿಂದಿನ ವಾರದಲ್ಲೋ ಜಾರ್ಜ್ ದಿನ ಬಿದ್ದರೆ ಚರ್ಚು ಅದನ್ನು ಮುಂದಕ್ಕೆ ಹಾಕುತ್ತೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದದ್ದರಿಂದ ಚರ್ಚಿನ ಲೆಕ್ಕದಲ್ಲಿ ಜಾರ್ಜ್ ದಿನ 28ಕ್ಕೆ ಹೋಯಿತು. ಪಬ್‌ನವರು ಮಾತ್ರ 23ನ್ನು ಬಿಡಲ್ಲ. ಡ್ರ್ಯಾಗನ್ ಹಿಲ್‌ಗೆ ಕಿವಿ ಮುಚ್ಚುವ ಟೋಪಿ ಒಯ್ಯಿರಿ, ಬಸ್ಸು ನಂಬಿಕೊಂಡು ಹೋಗಬೇಡಿ. ಊರವರನ್ನು "ಹೇಗೆ ಆಚರಿಸುತ್ತೀರಿ" ಅಂತ ಕೇಳಿದರೆ ಏನೂ ಇಲ್ಲ ಅಂತಾರೆ. "ಈ ವಾರ ಏನು ಮಾಡ್ತೀರಿ" ಅಂತ ಕೇಳಿ.